ಒಂದು ಕಾಳಿನ ತೂಕ ನೂರು ಕೋಟಿ ಸೂರ್ಯರು

ವಿಶ್ವವನ್ನು ಲೆಕ್ಕದಲ್ಲೇ ಕಟ್ಟಿ ನೋಡುವ ಆಟದಲ್ಲಿ ಮೊದಲ ಲೆಕ್ಕ ಬರೀ 74. 1941ರಲ್ಲಿ ಸ್ವೀಡನ್ನಿನ ಖಗೋಳ ವಿಜ್ಞಾನಿ ಎರಿಕ್ ಹೋಲ್ಮ್‌ಬರ್ಗ್ 37 ಬಲ್ಬುಗಳಿಂದ ಒಂದು ಗ್ಯಾಲಕ್ಸಿ, ಇನ್ನೂ 37ರಿಂದ ಇನ್ನೊಂದು ಗ್ಯಾಲಕ್ಸಿ ಜೋಡಿಸಿ, ಎರಡೂ ಹತ್ತಿರ ಬಂದರೆ ಏನಾಗುತ್ತದೆಂದು ಮೇಜಿನ ಮೇಲೆ ನೋಡಿದ. ಗುರುತ್ವದ ಬದಲು ಬೆಳಕನ್ನು ಅಳೆದ, ಕೈಯಿಂದಲೇ ಬಲ್ಬು ಸರಿಸಿದ. ಕಂಪ್ಯೂಟರ್ ಎಲ್ಲಿತ್ತು ಆಗ!

2005ಕ್ಕೆ ಬನ್ನಿ. ಜರ್ಮನಿಯ ಗಾರ್ಶಿಂಗ್‌ನಲ್ಲಿ ಕಂಪ್ಯೂಟರಿನೊಳಗೆ ವಿಶ್ವವನ್ನು ಕಟ್ಟಿ ನಡೆಸಿದ ಮಿಲೇನಿಯಂ ಸಿಮ್ಯುಲೇಶನ್ನಿನಲ್ಲಿ ಕಣಗಳು 1000 ಕೋಟಿ. ಕಣಕ್ಕೊಂದು ಸೋನಾ ಮಸೂರಿ ಕಾಳು ಇಡಿ. ಸಾವಿರ ಕಾಳಿಗೆ 15 ಗ್ರಾಂ ಹಿಡಿದರೆ, ಗಂಗಾವತಿ ಮಾರುಕಟ್ಟೆಗೆ ಬರುವ 75 ಕೆಜಿಯ ಭತ್ತದ ಚೀಲ 2000 ಬೇಕು. ಮಜಾ ಏನೆಂದರೆ, ಆ ಲೆಕ್ಕದಲ್ಲಿ ಒಂದೊಂದು ಕಾಳಿನ ತೂಕವೂ ನೂರು ಕೋಟಿ ಸೂರ್ಯರಿಗಿಂತ ಹೆಚ್ಚು!

ಇಷ್ಟು ಕಣಗಳನ್ನೂ ತುಂಬಿದ ಕಾಲ್ಪನಿಕ ಪೆಟ್ಟಿಗೆಯ ಒಂದು ಬದಿ 200 ಕೋಟಿ ಜ್ಯೋತಿರ್ವರ್ಷ ದಾಟುತ್ತದೆ. ಗಂಗಾವತಿ ಬಳಿಯ ಹೇಮಗುಡ್ಡದ ಸೀಮೆಯ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಆ ಬಂಡೆ ಆರಿ ಗಟ್ಟಿಯಾದ ದಿನ ಪೆಟ್ಟಿಗೆಯ ಈ ತುದಿಯಿಂದ ಹೊರಟ ಬೆಳಕು ಆ ತುದಿ ಮುಟ್ಟಿದ್ದು ಮೊನ್ನೆ ಮೊನ್ನೆ. ಮೊನ್ನೆ ಎಂದರೆ ಹತ್ತಾರು ಕೋಟಿ ವರ್ಷಗಳ ಹಿಂದೆ, ಅಷ್ಟೇ.

2014ರ ಇಲ್ಲಸ್ಟ್ರಿಸ್ ಸಿಮ್ಯುಲೇಶನ್ 1.9 ಕೋಟಿ ಪ್ರೊಸೆಸರ್ ಗಂಟೆ ನುಂಗಿತು. ಒಂದೇ ಪ್ರೊಸೆಸರ್ ಇದ್ದಿದ್ದರೆ? ಕೊಪ್ಪಳದ ಗವಿಮಠದ ಬಂಡೆಯಲ್ಲಿ ಅಶೋಕನ ಶಾಸನ ಕೊರೆದು ನೂರು ಚಿಲ್ಲರೆ ವರ್ಷವಾದಾಗ ಲೆಕ್ಕಕ್ಕೆ ಕೂತಿದ್ದರೆ ಈಗ ಮುಗಿಯುತ್ತಿತ್ತು. ಅದರ ಮುಂದಿನ ತಲೆಮಾರಿನ ಟಿಎನ್‌ಜಿ50 ಬೇಡಿದ್ದು 13 ಕೋಟಿ ಗಂಟೆ, ಅಂದರೆ ಸುಮಾರು 15,000 ವರ್ಷ. ಹಿರೇಬೆಣಕಲ್ಲಿನ ಗುಡ್ಡದ ಮೇಲಿರುವ ಪ್ರಾಚೀನ ಕಲ್ಲುಮನೆಗಳ ಆಯುಸ್ಸನ್ನು ಸುಮಾರು ಐದು ಸಲ ಒಂದರ ಮುಂದೊಂದು ಇಟ್ಟಷ್ಟು. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ 16,000ಕ್ಕೂ ಹೆಚ್ಚು ಪ್ರೊಸೆಸರ್‌ಗಳು ಒಟ್ಟಿಗೆ ದುಡಿದು ಹೆಚ್ಚೂಕಡಿಮೆ ಒಂದು ವರ್ಷದಲ್ಲಿ ಮುಗಿಸಿದವು. ಫಲ ನೋಡಿ: ನಮ್ಮ ಆಕಾಶಗಂಗೆ, ಆಂಡ್ರೊಮಿಡಾಗಳನ್ನು ಹೋಲುವ ಗ್ಯಾಲಕ್ಸಿಗಳೇ 198. ಹೋಲುತ್ತವೆ ನಿಜ, ಆದರೆ ಒಂದರ ಮುಖ ಇನ್ನೊಂದಕ್ಕಿಲ್ಲ.

ನಮ್ಮಲ್ಲೇನು ಕಡಿಮೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಬಂದು ಕೂತ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರಿನ ಸಾಮರ್ಥ್ಯ 3.3 ಪೆಟಾಫ್ಲಾಪ್. ಮೂವತ್ತಮೂರು ಕೋಟಿ ದೇವತೆಗಳೂ ಸ್ಲೇಟು ಹಿಡಿದು, ಒಬ್ಬೊಬ್ಬರೂ ಸೆಕೆಂಡಿಗೆ ಒಂದು ಕೋಟಿ ಲೆಕ್ಕ ಮಾಡಿದರೆ ಅದರ ಸಮ. ಪುಣ್ಯಕ್ಕೆ ಅವರಿಗೆ ಬೇರೆ ಕೆಲಸವಿದೆ.

ಇನ್ನೂ ಇದೆ. ಮಿಲೇನಿಯಂಟಿಎನ್‌ಜಿ ಯೋಜನೆಯ ಅತಿ ದೊಡ್ಡ ಪೆಟ್ಟಿಗೆ ಸುಮಾರು 1000 ಕೋಟಿ ಜ್ಯೋತಿರ್ವರ್ಷ ಅಗಲ. ಬೆಳಕು ಅದನ್ನು ದಾಟುವಷ್ಟರಲ್ಲಿ ನಮ್ಮ ಭೂಮಿಯ ವಯಸ್ಸು ಎರಡು ಸಲ ಮುಗಿದಿರುತ್ತದೆ. ಕಣಗಳು ಒಂದು ಲಕ್ಷ ಕೋಟಿ ಮೀರುತ್ತವೆ. ಭತ್ತದ ಲೆಕ್ಕವೇ ಬೇಕೆಂದರೆ, ಎರಡು ಲಕ್ಷ ಚೀಲ!

ಅಸಲಿ ವಿಶ್ವದ ಕತೆ ಬೇರೆ. ನೋಡಬಹುದಾದ ವಿಶ್ವದಲ್ಲಿ 2 ಲಕ್ಷ ಕೋಟಿ ಗ್ಯಾಲಕ್ಸಿಗಳಿವೆ ಎನ್ನುತ್ತದೆ 2016ರ ಒಂದು ಅಂದಾಜು. ಮಿಲೇನಿಯಂ ಪೆಟ್ಟಿಗೆಯಲ್ಲಿ ಮೂಡಿದ್ದು 2 ಕೋಟಿ. ಲಕ್ಷಕ್ಕೆ ಒಂದು.