ಮತ್ತೆ ಜೀನಿನ ಮೇಲೆ

ಕೆಲವು ವರ್ಷಗಳ ಹಿಂದೆ ಒಂದು ಇಂಗ್ಲಿಷ್ ಕತೆಯನ್ನು ಕನ್ನಡಿಸುತ್ತಿದ್ದೆ. ಮೂರು ತಿಂಗಳು ಹಾಸಿಗೆ ಹಿಡಿದಿದ್ದ ವೈದ್ಯನೊಬ್ಬ ಚೇತರಿಸಿಕೊಂಡು ಆಸ್ಪತ್ರೆಗೆ ಮರಳುತ್ತಾನೆ. ಕತೆಗಾರ ಅವನನ್ನು ‘ಬ್ಯಾಕ್ ಇನ್ ದಿ ಸ್ಯಾಡಲ್’ ಎಂದಿದ್ದ. ನಾನು ನಿಶ್ಚಿಂತೆಯಿಂದ ‘ಮತ್ತೆ ಗದ್ದುಗೆಯೇರಿದ’ ಎಂದು ಬರೆದುಬಿಟ್ಟೆ. ಅಚ್ಚಾದ ಮೇಲೆ ಓದಿದ ಗೆಳೆಯರೊಬ್ಬರು, “ಈ ಡಾಕ್ಟರು ಅಷ್ಟೊಂದು ಅಧಿಕಾರದಾಹಿಯೇ?” ಎಂದು ಕೇಳಿದರು. ಪಾಪ, ಆತ ಬಡರೋಗಿಗಳ ಬಂಧು. ನನ್ನದೊಂದು ಮಾತು ಅವನ ಶೀಲವನ್ನೇ ಕೆಡಿಸಿತ್ತು.

ಸ್ಯಾಡಲ್ ಎಂದರೆ ಕುದುರೆಯ ಜೀನು. ನಮ್ಮ ಹಳಗನ್ನಡದ ಪಲ್ಲಣ. ಜೀನಿನ ಮೇಲೆ ಕುಳಿತವನ ಕೈಯಲ್ಲಿ ಲಗಾಮಿರುತ್ತದೆ. ಆದ್ದರಿಂದ ‘ಇನ್ ದಿ ಸ್ಯಾಡಲ್’ ಎಂದರೆ ಅಧಿಕಾರದ ಸೂತ್ರ ಕೈಯಲ್ಲಿರುವುದು ಎಂದಾಯಿತು. ‘ಬ್ಯಾಕ್’ ಸೇರಿದಾಗ, ಕಳೆದುಕೊಂಡದ್ದನ್ನು ಮರಳಿ ಪಡೆಯುವುದು. ಮೊದಲ ಬಾರಿಗೆ ಮಂತ್ರಿಯಾದವರಿಗೆ ಈ ಮಾತು ಸಲ್ಲದು. 1945ರ ಜುಲೈಯಲ್ಲಿ ಸೋತು, 1951ರ ಅಕ್ಟೋಬರಿನಲ್ಲಿ ತಮ್ಮ 76ನೆಯ ವಯಸ್ಸಿನಲ್ಲಿ ಮತ್ತೆ ಪ್ರಧಾನಿಯಾದ ಚರ್ಚಿಲ್ಲರಿಗೆ ಸಲ್ಲುತ್ತದೆ. ನಡುವೆ ಅವರು ವಿರೋಧಪಕ್ಷದ ನಾಯಕರು. ಮಾತಿಗೆ ಬೆಲೆಯಿತ್ತು, ಲಗಾಮು ಮಾತ್ರ ಬೇರೆಯವರ ಕೈಯಲ್ಲಿತ್ತು.

ನಮ್ಮ ನಾಡಿನದೇ ಒಂದು ನಿದರ್ಶನವುಂಟು. 1977ರಲ್ಲಿ ಅಧಿಕಾರ ಕಳೆದುಕೊಂಡ ಇಂದಿರಾ ಗಾಂಧಿಯವರು 1978ರ ನವೆಂಬರಿನಲ್ಲಿ ಚಿಕ್ಕಮಗಳೂರಿನಿಂದ ಗೆದ್ದು ಲೋಕಸಭೆಗೆ ಹೋದರು. ಅದಿನ್ನೂ ಜೀನಲ್ಲ, ಹತ್ತುವವರು ಕಾಲೂರುವ ರಿಕಾಪು. ಮರುತಿಂಗಳೇ ಸದನ ಅವರನ್ನು ಉಚ್ಚಾಟಿಸಿತು. ಜೀನೇರಿದ್ದು 1980ರ ಜನವರಿಯಲ್ಲಿ.

ಇಷ್ಟೇ ಆಗಿದ್ದರೆ ನನ್ನ ‘ಗದ್ದುಗೆ’ ಹೇಗೋ ನಡೆದುಹೋಗುತ್ತಿತ್ತು. ಆದರೆ ಈ ನುಡಿಗಟ್ಟು ಅರಮನೆಯಿಂದ ಅಂಗಳಕ್ಕೂ ಇಳಿದು ಬಂದಿದೆ. ರಜೆ ಮುಗಿಸಿದ ಉಪಾಧ್ಯಾಯರು, ಕಾಲು ಮುರಿದು ಮತ್ತೆ ಮೈದಾನಕ್ಕಿಳಿದ ಆಟಗಾರ, ಎಲ್ಲರೂ ಜೀನಿನ ಮೇಲಿನವರೇ. ಅಮೆರಿಕದ ಜೀನ್ ಆಟ್ರಿ 1939ರಲ್ಲಿ ಧ್ವನಿಮುದ್ರಿಸಿದ ಪ್ರಸಿದ್ಧ ಹಾಡಿನ ಹೆಸರಿನಲ್ಲೇ ಈ ಮಾತಿದೆ. ಅಲ್ಲಿ ಹಾಡುವವನು ದನಗಾಹಿ, ದೊರೆಯಲ್ಲ. ಬಿದ್ದವನಿಗೆ ‘ಮತ್ತೆ ಕುದುರೆ ಹತ್ತು’ ಎಂದು ಧೈರ್ಯ ಹೇಳುವ ಇಂಗ್ಲಿಷ್ ಮಾತು ಬೇರೆ, ಎರಡನ್ನೂ ಬೆರೆಸಬಾರದು.

ರಾಜಕಾರಣದ ಪ್ರಸಂಗದಲ್ಲೂ ಗದ್ದುಗೆ ಎಂಬ ಮಾತು ನನಗೀಗ ರುಚಿಸುವುದಿಲ್ಲ. ಗದ್ದುಗೆ ಇದ್ದಲ್ಲೇ ಇರುವ ವಸ್ತು. ಜೀನಿನ ಕೆಳಗಾದರೋ ಉಸಿರಾಡುವ ಪ್ರಾಣಿಯಿದೆ. ಮನಸ್ಸು ಬಂದರೆ ಓಡುತ್ತದೆ, ಮುನಿದರೆ ಕೆಡವುತ್ತದೆ. ಆ ಅಳುಕನ್ನು ನಮ್ಮ ‘ಚುಕ್ಕಾಣಿ ಹಿಡಿದರು’ ಎಂಬ ಮಾತು ಚೆನ್ನಾಗಿ ಉಳಿಸಿಕೊಡುತ್ತದೆ. ದೋಣಿಯೂ ಅಲುಗಾಡುವಂಥದೇ ಅಲ್ಲವೆ?

ವೈದ್ಯನಿಗೆ ಚುಕ್ಕಾಣಿಯೂ ಒಪ್ಪಲಿಲ್ಲ. ಕತೆ ಎರಡನೆಯ ಬಾರಿ ಅಚ್ಚಾದಾಗ, ‘ಮತ್ತೆ ಸ್ಟೆತಾಸ್ಕೋಪನ್ನು ಕೊರಳಿಗೆ ಹಾಕಿಕೊಂಡ’ ಎಂದು ತಿದ್ದಿದೆ. ಗೆಳೆಯರು ಈ ಸಲ ಏನೂ ಅನ್ನಲಿಲ್ಲ.