ಎಣ್ಣೆ ತೊಳೆಯುವ ಸೂಕ್ಷ್ಮಜೀವಿಗಳು

1967ರ ಮಾರ್ಚ್ 18ರಂದು 'ಟೊರಿ ಕ್ಯಾನ್ಯನ್' ಎಂಬ ದೈತ್ಯ ಹಡಗು ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಾಚೆಯ ಬಂಡೆಸಾಲಿಗೆ ಬಡಿದು ಒಡೆಯಿತು. ಅದರ ಒಡಲಲ್ಲಿದ್ದದ್ದು ಸುಮಾರು 1 ಲಕ್ಷ 19 ಸಾವಿರ ಟನ್ ಕಚ್ಚಾ ತೈಲ. ಅಷ್ಟು ದೊಡ್ಡ ತೈಲ ಅಪಘಾತವನ್ನು ಜಗತ್ತು ಅದುವರೆಗೆ ಕಂಡಿರಲಿಲ್ಲ. ದಿಕ್ಕು ತೋಚದ ಬ್ರಿಟಿಷ್ ಸರ್ಕಾರ ವಿಮಾನಗಳಿಂದ ಬಾಂಬು ಹಾಕಿಸಿ ಎಣ್ಣೆಯನ್ನು ಸುಡಲೂ ನೋಡಿತು. ಜೊತೆಗೆ ಸಮುದ್ರದ ಮೇಲೂ ದಡದ ಬಂಡೆಗಳ ಮೇಲೂ ಸುಮಾರು 10,000 ಟನ್ ಮಾರ್ಜಕ, ಅಂದರೆ ಡಿಟರ್ಜೆಂಟ್ ಸುರಿಯಲಾಯಿತು.

ಎಣ್ಣೆ ಕರಗಿತೇನೋ ನಿಜ. ಆದರೆ ಬಂಡೆಗಂಟಿ ಬದುಕುವ ಚಿಪ್ಪುಜೀವಿಗಳು ಮೈಲಿಗಟ್ಟಲೆ ಸತ್ತುಬಿದ್ದವು. ಅವು ಮೇಯುತ್ತಿದ್ದ ಪಾಚಿ ಅಂಕೆಯಿಲ್ಲದೆ ಬೆಳೆದು ದಡವೆಲ್ಲ ಹಸಿರಾಯಿತು. ಅನಂತರ ವಿಜ್ಞಾನಿಗಳು ಲೆಕ್ಕ ಹಾಕಿದಾಗ, ಮಾರ್ಜಕ ಸುರಿಯದೆ ಬಿಟ್ಟ ದಡ ಎರಡು ಮೂರು ವರ್ಷಗಳಲ್ಲಿ ಸುಧಾರಿಸಿಕೊಂಡಿತ್ತು. ಮಾರ್ಜಕ ಹೆಚ್ಚಾಗಿ ಬಿದ್ದ ಕಡೆ ಚೇತರಿಕೆಗೆ ಹತ್ತು ವರ್ಷಗಳಿಗೂ ಮಿಕ್ಕಿ ಬೇಕಾಯಿತು. ಕಾಯಿಲೆಗಿಂತ ಔಷಧವೇ ಹೆಚ್ಚು ಕೊಂದಿತ್ತು. ಅಂದಿನ ಆ ಮಾರ್ಜಕಗಳಿಗೆ ಬೆರೆಸಿದ್ದ ದ್ರಾವಕಗಳೂ ಘೋರ ವಿಷವೇ ಆಗಿದ್ದವು.

ಹಾಗಾದರೆ ಎಣ್ಣೆಯನ್ನು ನೀರಿನಿಂದ ಬಿಡಿಸಲು ಬೇರೆ ದಾರಿಯಿಲ್ಲವೆ?

ಇದೆ. ಆ ದಾರಿಯನ್ನು ಕೆಲವು ಸೂಕ್ಷ್ಮಜೀವಿಗಳು ಮನುಷ್ಯನಿಗಿಂತ ಬಹಳ ಹಿಂದೆಯೇ ಹಿಡಿದಿವೆ. ಅದನ್ನು ತಿಳಿಯಬೇಕಾದರೆ ಸಾಬೂನು ಮಾಡುವ ಕೆಲಸವೇನೆಂದು ನೋಡಬೇಕು. ಸಾಬೂನಿನ ಅಣುವಿಗೆ ಒಂದು ತಲೆ, ಒಂದು ಬಾಲ. ತಲೆಗೆ ನೀರು ಇಷ್ಟ, ಬಾಲಕ್ಕೆ ಜಿಡ್ಡು ಇಷ್ಟ. ಬಾಲವನ್ನು ಜಿಡ್ಡಿನೊಳಗೆ ಊರಿ, ತಲೆಯನ್ನು ನೀರಿಗೆ ಚಾಚಿ ನಿಂತ ಸಾವಿರಾರು ಅಣುಗಳು ಸೇರಿ ಜಿಡ್ಡನ್ನು ಸಣ್ಣ ಹನಿಗಳಾಗಿ ಒಡೆದು ನೀರಿನೊಡನೆ ಹೊರಡಿಸುತ್ತವೆ. ಇಂಥ ವಸ್ತುಗಳಿಗೆ ಸರ್ಫ್ಯಾಕ್ಟೆಂಟ್ ಎಂದು ಹೆಸರು. ಸರ್ಫ್ ಪುಡಿ ಬಳಸಿದವರಿಗೆ ನೆನಪಿಟ್ಟುಕೊಳ್ಳುವುದು ಕಷ್ಟವಲ್ಲ. ನಮ್ಮ ಅಜ್ಜಿಯಂದಿರು ರೇಷ್ಮೆ ಸೀರೆಗೆ ಅಂಟುವಾಳವನ್ನೂ ತಲೆಗೆ ಸೀಗೆಕಾಯಿಯನ್ನೂ ಬಳಸಿದ್ದು ಇದೇ ಗುಣಕ್ಕಾಗಿ. ಅವು ಗಿಡಮರಗಳು ಮಾಡಿಕೊಟ್ಟ ಸರ್ಫ್ಯಾಕ್ಟೆಂಟ್‌ಗಳು.

ಸೂಕ್ಷ್ಮಜೀವಿಗಳಿಗೆ ಸಾಬೂನು ಯಾಕೆ ಬೇಕು? ಬಟ್ಟೆ ಒಗೆಯಲಂತೂ ಅಲ್ಲ. ಎಣ್ಣೆಯನ್ನೇ ಉಂಡು ಬದುಕುವ ಬ್ಯಾಕ್ಟೀರಿಯಾ ಇರುವುದು ನೀರಿನಲ್ಲಿ. ಊಟ ಮಾತ್ರ ನೀರಿನಲ್ಲಿ ಕರಗದು. ಅದಕ್ಕೆ ಅದು ಎಣ್ಣೆಯನ್ನು ಒಡೆಯುವ ದ್ರವ್ಯವನ್ನು ತಾನೇ ಸ್ರವಿಸುತ್ತದೆ. 1970ರ ದಶಕದಲ್ಲಿ ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದ ಯೂಜೀನ್ ರೋಸೆನ್‌ಬರ್ಗ್ ಮತ್ತು ಡೇವಿಡ್ ಗಟ್ನಿಕ್ ಇಂಥದೊಂದು ದ್ರವ್ಯವನ್ನು ಬೇರ್ಪಡಿಸಿ 'ಎಮಲ್ಸಾನ್' ಎಂದು ಕರೆದರು. ಅದರ ಬಗ್ಗೆ ರೋಸೆನ್‌ಬರ್ಗ್ ಮುಂದಿಟ್ಟ ಊಹೆ ಸ್ವಾರಸ್ಯಕರ: ಬ್ಯಾಕ್ಟೀರಿಯಾ ಒಂದು ಎಣ್ಣೆಹನಿಯಲ್ಲಿ ತನಗೆ ಬೇಕಾದದ್ದನ್ನೆಲ್ಲ ತಿಂದ ಮೇಲೆ ಆ ಹನಿಯನ್ನು ಬಿಟ್ಟು ಹೊರಡಲು ಎಮಲ್ಸಾನ್ ನೆರವಾಗುತ್ತದೆ. ಉಂಡೆದ್ದ ಎಲೆಗೆ ಗುರುತು ಹಾಕಿಟ್ಟು ಹೋದ ಹಾಗೆ!

ಹೊಟ್ಟೆಪಾಡು ಮಾತ್ರವಲ್ಲ. ಸುಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಮೇಲ್ಮೈಗಳ ಮೇಲೆ ಗುಂಪಾಗಿ ಜಾರಿ ಹರಡಲು ತನ್ನದೇ ಸಾಬೂನು ಬಳಸುತ್ತದೆ. ಸಕ್ಕರೆಯ ತಲೆ, ಕೊಬ್ಬಿನ ಬಾಲವುಳ್ಳ ಈ ದ್ರವ್ಯದ ಹೆಸರು ರಾಮ್ನೋಲಿಪಿಡ್. ಅಮೆರಿಕದ ಜಾರ್ವಿಸ್ ಮತ್ತು ಜಾನ್ಸನ್ 1949ರಲ್ಲೇ ಇದನ್ನು ವಿವರಿಸಿದ್ದರು. 1968ರಲ್ಲಿ ಜಪಾನಿನ ವಿಜ್ಞಾನಿಗಳು ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದಿಂದ ಸರ್ಫ್ಯಾಕ್ಟಿನ್ ಪಡೆದರು. ಅವರ ಗಮನ ಸೆಳೆದದ್ದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಅದರ ಗುಣ. ಆದರೆ ನೀರಿನ ಮೇಲ್ಮೈ ಎಳೆತ 72ರ ಆಸುಪಾಸಿನಲ್ಲಿದ್ದರೆ, ಸರ್ಫ್ಯಾಕ್ಟಿನ್ ಅದನ್ನು 27ಕ್ಕೆ ಇಳಿಸುತ್ತದೆ. ಅದೂ ತೀರಾ ಅಲ್ಪ ಪ್ರಮಾಣದಲ್ಲಿ. ದುಂಬಿಗಳ ಜೇನಿನಲ್ಲಿ ಸಿಕ್ಕ ಒಂದು ಬಗೆಯ ಯೀಸ್ಟ್ ಕೂಡ ಇಂಥದೇ ದ್ರವ್ಯ ತಯಾರಿಸುತ್ತದೆ.

ಎಣ್ಣೆ ಬಳಿದ ದಡದ ಪ್ರಶ್ನೆ ಮತ್ತೆ ಎದ್ದದ್ದು 1989ರಲ್ಲಿ. 'ಎಕ್ಸಾನ್ ವಾಲ್ಡೆಜ್' ಹಡಗು ಅಲಾಸ್ಕದ ಬಳಿ ಸುಮಾರು 4 ಕೋಟಿ ಲೀಟರ್ ತೈಲ ಚೆಲ್ಲಿತು. ಅಲ್ಲಿನ ಎಣ್ಣೆ ಹತ್ತಿದ ಜಲ್ಲಿಕಲ್ಲುಗಳನ್ನು ಸುಡೊಮೊನಾಸ್‌ನ ಸರ್ಫ್ಯಾಕ್ಟೆಂಟ್‌ನಿಂದ ತೊಳೆದು ನೋಡಿದಾಗ, ಬರಿಯ ನೀರಿಗಿಂತ ಎರಡು ಮೂರು ಪಟ್ಟು ಹೆಚ್ಚು ಎಣ್ಣೆ ಬಿಟ್ಟಿತು. 1990ರಲ್ಲಿ ಈ ಫಲಿತಾಂಶ ಪ್ರಕಟಿಸಿದ ತಂಡದಲ್ಲಿ ಬಂಗಾಳ ಮೂಲದ ಆನಂದಮೋಹನ ಚಕ್ರವರ್ತಿ ಇದ್ದರು. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾವನ್ನು ರೂಪಿಸಿ, ಜೀವಿಗೂ ಪೇಟೆಂಟ್ ಕೊಡಬಹುದೆಂಬ ತೀರ್ಪನ್ನು 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಿಂದ ಪಡೆದವರು ಇವರೇ. ಪೇಟೆಂಟ್ ಪಡೆದ ಆ ಬ್ಯಾಕ್ಟೀರಿಯಾ ಮಾತ್ರ ಎಂದೂ ಸಮುದ್ರಕ್ಕೆ ಇಳಿಯಲಿಲ್ಲ.

ಕುವೈತಿನ ಪ್ರಯೋಗ ಇದಕ್ಕಿಂತ ನೇರವಾದದ್ದು. ಕಚ್ಚಾ ತೈಲದ ಟ್ಯಾಂಕುಗಳ ತಳದಲ್ಲಿ ರಾಡಿ ಕಟ್ಟಿಕೊಳ್ಳುತ್ತದೆ. ಅದನ್ನು ತೆಗೆಯಲು ಕಾರ್ಮಿಕರೇ ಒಳಗಿಳಿಯುವುದೆಂದರೆ ಅಪಾಯದ ಕೆಲಸ. 1991ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಟ್ಯಾಂಕಿಗೆ ಸೇರಿಸಿ ಕಲಕಿದಾಗ ರಾಡಿ ಸಡಿಲವಾಯಿತು. ಅದರಲ್ಲಿ ಸಿಕ್ಕಿಕೊಂಡಿದ್ದ ಎಣ್ಣೆಯ ಶೇಕಡಾ 90ಕ್ಕೂ ಹೆಚ್ಚು ಭಾಗ ಮರಳಿ ದೊರೆಯಿತು. ಮಾರಿದರೆ ತೊಳೆದ ಖರ್ಚು ಹುಟ್ಟುವಷ್ಟು!

ಇಷ್ಟೆಲ್ಲ ಗುಣವಿದ್ದೂ ಅಂಗಡಿಯ ಸಾಬೂನು ಪುಡಿಯಲ್ಲಿ ಇವು ಬಹುಕಾಲ ಕಾಣಿಸಿಕೊಳ್ಳದಿದ್ದುದಕ್ಕೆ ಮುಖ್ಯ ಕಾರಣ ಬೆಲೆ. ಪೆಟ್ರೋಲಿಯಂನಿಂದ ಮಾಡುವ ಮಾರ್ಜಕಕ್ಕಿಂತ ಇವು ಹಲವು ಪಟ್ಟು ದುಬಾರಿ. ಎರಡನೆಯ ಕಾರಣ ತಮಾಷೆಯದು. ಬ್ಯಾಕ್ಟೀರಿಯಾ ಬೆಳೆಯಲು ತೊಟ್ಟಿಗೆ ಗಾಳಿ ಊದಬೇಕು. ಊದಿದರೆ ಸಾಬೂನು ತುಂಬಿದ ತೊಟ್ಟಿ ನೊರೆಯುಕ್ಕಿ ಹರಿಯುತ್ತದೆ. ಉಕ್ಕಿದ ನೊರೆಯನ್ನೇ ಹಿಡಿದು ಅದರಿಂದ ಸರ್ಫ್ಯಾಕ್ಟಿನ್ ಪಡೆಯುವ ಉಪಾಯವನ್ನೂ ಸಂಶೋಧಕರು ಕಂಡುಕೊಂಡರು. ಮೂರನೆಯದು ಗಂಭೀರ: ರಾಮ್ನೋಲಿಪಿಡನ್ನು ಹೇರಳವಾಗಿ ಕೊಡುವ ಸುಡೊಮೊನಾಸ್ ಏರುಗಿನೋಸ, ಆಸ್ಪತ್ರೆಗಳಲ್ಲಿ ಸುಟ್ಟಗಾಯಕ್ಕೂ ಶ್ವಾಸಕೋಶಕ್ಕೂ ಸೋಂಕು ಹತ್ತಿಸುವ ರೋಗಾಣು.

ಇತ್ತ ಅಗ್ಗದ ಮಾರ್ಜಕದ ಬೆಲೆಯನ್ನು ನೀರು ತೆರುತ್ತಲೇ ಬಂದಿದೆ. ಚರಂಡಿ ನೀರಿನೊಡನೆ ಮಾರ್ಜಕವೂ ಬಂದು ಸೇರಿದ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ರಸ್ತೆಗೆ ಹಾರಿ ಬಂದದ್ದನ್ನೂ, ಆ ನೊರೆಗೆ ಬೆಂಕಿ ಹೊತ್ತಿಕೊಂಡದ್ದನ್ನೂ ಓದುಗರು ಮರೆತಿರಲಾರರು. ಸೂಕ್ಷ್ಮಜೀವಿಗಳ ಸಾಬೂನೂ ನೊರೆ ಕೊಡುತ್ತದೆ. ಆದರೆ ಅದು ಬೇಗ ಕೊಳೆತು ಮಣ್ಣುಪಾಲಾಗುತ್ತದೆ.

ರೋಗಾಣುವಿನ ತೊಡಕಿಗೆ ಜರ್ಮನಿಯ ಎವೊನಿಕ್ ಕಂಪನಿ ಒಂದು ಪರಿಹಾರ ಹುಡುಕಿತು. ರಾಮ್ನೋಲಿಪಿಡ್ ಮಾಡುವ ಜೀನ್‌ಗಳನ್ನು ಸುಡೊಮೊನಾಸ್ ಪುಟಿಡ ಎಂಬ ನಿರುಪದ್ರವಿ ನೆಂಟನಿಗೆ ಸೇರಿಸಿ, ಮೆಕ್ಕೆಜೋಳದ ಸಕ್ಕರೆ ತಿನ್ನಿಸಿ ಬೆಳೆಸಿತು. 2019ರಲ್ಲಿ ಯೂನಿಲಿವರ್ ಅದನ್ನು ಚಿಲಿ ದೇಶದಲ್ಲಿ ಪಾತ್ರೆ ತೊಳೆಯುವ ದ್ರವಕ್ಕೆ ಬೆರೆಸಿ ಮಾರಿತು. 2024ರ ಜನವರಿಯಲ್ಲಿ ಸ್ಲೊವಾಕಿಯಾದಲ್ಲಿ ಇದಕ್ಕೆಂದೇ ದೊಡ್ಡ ಕಾರ್ಖಾನೆ ಸಿದ್ಧವಾಯಿತು.