ಗಾಢ ಮಾವ್ ಗೋಡೆ: ಬಣ್ಣಕ್ಕೂ ಮೊದಲು ಗಾಳಿ, ಬೆಳಕು ನೋಡಿ

ಈದ್ ಹತ್ತಿರವಾದಂತೆ ಮನೆಗೆ ಬಣ್ಣ ಬಳಿಸುವ ಗಡಿಬಿಡಿ ಶುರುವಾಗುತ್ತದೆ. ಅದೇ ದಿನಗಳಲ್ಲಿ ಕೆಮ್ಮು, ತಲೆನೋವು, ಕಣ್ಣುರಿ ಎಂದು ದವಾಖಾನೆಗೆ ಬರುವವರೂ ಹೆಚ್ಚುತ್ತಾರೆ. ವಿಚಾರಿಸಿದರೆ, “ಮನೆಯಲ್ಲಿ ಪೇಂಟಿಂಗ್ ನಡೀತಿದೆ ಡಾಕ್ಟ್ರೇ” ಎಂಬ ಉತ್ತರ. ಈಚೆಗೆ ಇದರ ಜೊತೆ ಇನ್ನೊಂದು ಪ್ರಶ್ನೆಯೂ ಬರುತ್ತಿದೆ: ಮಲಗುವ ಕೋಣೆಗೆ ಗಾಢ ಮಾವ್ ಬಣ್ಣ ಬಳಿಸಿದರೆ ಒಳ್ಳೆಯ ನಿದ್ದೆ ಬರುತ್ತದಂತೆ, ಹೌದೇ?

ಮಾವ್ ಎಂದರೆ ನೇರಳೆಗೆ ತುಸು ಗುಲಾಬಿ, ತುಸು ಬೂದು ಬೆರೆತ ಬಣ್ಣ. ನಮ್ಮ ಮನೆಗಳಲ್ಲಿ ಜಾಮುನಿ ಎಂದೋ ಬೈಂಗನಿ ಎಂದೋ ಕರೆದು ಮುಗಿಸುತ್ತೇವೆ. ಆದರೆ ನೇರಳೆಹಣ್ಣಿನಲ್ಲಿ ನೀಲಿ ಹೆಚ್ಚು, ಬದನೆಕಾಯಿಯಲ್ಲಿ ಕಪ್ಪು ಹೆಚ್ಚು. ಅಂಗಡಿಯಲ್ಲಿ ಬಾಯಲ್ಲಿ ಹೇಳದೆ ಶೇಡ್ ಕಾರ್ಡಿನ ಸಂಖ್ಯೆ ಬರೆದುಕೊಂಡು ಹೋಗುವುದು ಒಳ್ಳೆಯದು.

ಈ ಹೆಸರಿಗೂ ನಮ್ಮ ವೈದ್ಯಕ್ಕೂ ನಂಟಿದೆ. ಫ್ರೆಂಚ್ ಭಾಷೆಯಲ್ಲಿ ಮಾವ್ ಎಂದರೆ ಒಂದು ಗಿಡದ ಹೂವು. ಅದೇ ಗಿಡವನ್ನು ಯುನಾನಿಯಲ್ಲಿ ಖುಬ್ಬಾಜಿ ಎನ್ನುತ್ತೇವೆ. ಅದರ ಬೀಜ ಕೆಮ್ಮು ನೆಗಡಿಯ ಜೋಶಾಂದೆಗೆ ಬೀಳುತ್ತದೆ. ಬಣ್ಣದ ಹುಟ್ಟಿಗೂ ಔಷಧವೇ ಕಾರಣ. 1856ರಲ್ಲಿ ಲಂಡನ್ನಿನ 18 ವರ್ಷದ ವಿದ್ಯಾರ್ಥಿ ವಿಲಿಯಂ ಹೆನ್ರಿ ಪರ್ಕಿನ್ ಮಲೇರಿಯಾದ ಮದ್ದಾದ ಕ್ವಿನೈನನ್ನು ಕಲ್ಲಿದ್ದಲ ಡಾಂಬರಿನಿಂದ ದೊರೆಯುವ ವಸ್ತುಗಳಿಂದ ತಯಾರಿಸಲು ಹೊರಟ. ಕ್ವಿನೈನ್ ಸಿಗಲಿಲ್ಲ, ಪಾತ್ರೆಯಲ್ಲಿ ಕಪ್ಪು ಗಸಿ ಉಳಿಯಿತು. ಅದನ್ನು ಮದ್ಯಸಾರದಲ್ಲಿ ಕರಗಿಸಿದಾಗ ಕಂಡ ನೇರಳೆ ಬಣ್ಣ ಬಟ್ಟೆಗೆ ಚೆನ್ನಾಗಿ ಹಿಡಿಯಿತು. ಕೃತಕ ಬಣ್ಣಗಳ ಉದ್ಯಮ ಬೆಳೆದದ್ದು ಅಲ್ಲಿಂದಲೇ.

ಹಾಗೆಂದು ಗೋಡೆಯ ಮಾವ್ ಮದ್ದಲ್ಲ. ಅದು ನಿದ್ದೆ ತರುತ್ತದೆ, ರಕ್ತದೊತ್ತಡ ಇಳಿಸುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕಣ್ಣಿಗೆ ಹಿತವೆನಿಸಿದರೆ ಬಳಿಸಿ, ಅಷ್ಟೇ. ಯುನಾನಿಯಲ್ಲಿ ಬದುಕಿಗೆ ಅತ್ಯಗತ್ಯವೆಂದು ಎಣಿಸುವ ಆರು ಸಂಗತಿಗಳಲ್ಲಿ ಮೊದಲನೆಯದು ಹವಾ, ಅಂದರೆ ನಮ್ಮ ಸುತ್ತಲಿನ ಗಾಳಿ. ಗೋಡೆಯ ಬಣ್ಣ ಆರೋಗ್ಯವನ್ನು ಮುಟ್ಟುವುದು ಮುಖ್ಯವಾಗಿ ಈ ಗಾಳಿಯ ಮೂಲಕ, ಆಮೇಲೆ ಬೆಳಕಿನ ಮೂಲಕ.

ಮೊದಲು ಗೋಡೆ ಒಣಗಿದೆಯೇ ನೋಡಿ. ಬಿಳಿ ಗೋಡೆಯಲ್ಲಿ ಬೂಸ್ಟು ಹಿಡಿದರೆ ಕೂಡಲೇ ಕಾಣುತ್ತದೆ. ಗಾಢ ಮಾವ್ ಗೋಡೆಯಲ್ಲಿ ಆ ಕಪ್ಪು ಚುಕ್ಕೆಗಳು ಅಡಗಿಕೊಳ್ಳುತ್ತವೆ. ರಾತ್ರಿ ಮಾತ್ರ ಉಬ್ಬಸ ಬರುತ್ತಿದ್ದ ಒಂದು ಮಗುವಿನ ಮನೆಯವರಿಗೆ ಮಂಚದ ಪಕ್ಕದ ಬೀರು ಸರಿಸಿ ನೋಡಲು ಹೇಳಿದ್ದೆ. ಹಿಂದೆ ಗೋಡೆಯ ತುಂಬ ಬೂಸ್ಟು. ವರ್ಷದ ಹಿಂದೆ ತೇವ ಕಂಡಿದ್ದ ಜಾಗವನ್ನೇ ಅವರು ಗಾಢ ಬಣ್ಣ ಬಳಿಸಿ ಮುಚ್ಚಿದ್ದರು. ಗೋಡೆಯಲ್ಲಿ ಪಸೆ ಇದ್ದರೆ ಮೊದಲು ಸೋರುವ ಪೈಪು, ಬಿರುಕು, ಬಚ್ಚಲಿನ ಹಿಂಬದಿ ಸರಿಪಡಿಸಿ, ಚೆನ್ನಾಗಿ ಒಣಗಲು ಬಿಡಿ. ಹೊಸ ಗಾರೆಯಾದರೆ ಕನಿಷ್ಠ 28 ದಿನವಾದರೂ ಬೇಕು. ಇಲ್ಲದಿದ್ದರೆ ಬಿಳಿ ಉಪ್ಪು ಹೊರಬಂದು ಇಡೀ ಗೋಡೆ ತೊನ್ನು ಹಿಡಿದಂತೆ ಕಾಣುತ್ತದೆ. ಹಳೆಯ ಸುಣ್ಣದ ಮೇಲೆಯೇ ಎಮಲ್ಷನ್ ಬಳಿಸಿದರೂ ಹಪ್ಪಳದಂತೆ ಏಳುತ್ತದೆ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಈ ಕೆಲಸಕ್ಕೆ ಇಳಿಯದಿರುವುದೇ ಲೇಸು. ಈದ್ ಪ್ರತಿವರ್ಷ ಸುಮಾರು 11 ದಿನ ಹಿಂದೆ ಸರಿಯುವುದರಿಂದ, ಮಳೆಯಲ್ಲಿ ಬರುವ ವರ್ಷಗಳಲ್ಲಿ ಬೇಸಗೆಯಲ್ಲೇ ಬಣ್ಣ ಮುಗಿಸಿಬಿಡಿ.

ಎರಡನೆಯದು, ನನಗೆ ಹೆಚ್ಚು ಭಯ ಹುಟ್ಟಿಸುವುದು, ಹಳೆಯ ಬಣ್ಣ ಕೆರೆಯುವ ಕೆಲಸ. ಮನೆಬಳಕೆಯ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮವನ್ನು ನಮ್ಮ ದೇಶದಲ್ಲಿ 2016ರಲ್ಲಿ ಹೊರಡಿಸಲಾಯಿತು. ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಾಗಿಲು, ಕಿಟಕಿ, ಸರಳುಗಳ ಆಯಿಲ್ ಪೇಂಟಿನಲ್ಲಿ ಸೀಸ ಇರಬಹುದು. ಉಪ್ಪುಕಾಗದದಿಂದ ಒಣಗಿದಂತೆಯೇ ಉಜ್ಜಿದರೆ ಅದು ದೂಳಾಗಿ ನೆಲದ ಮೇಲೆ, ಅಂಬೆಗಾಲಿಡುವ ಮಗುವಿನ ಕೈಗೆ, ಅಲ್ಲಿಂದ ಬಾಯಿಗೆ ಹೋಗುತ್ತದೆ. ಸೀಸ ಬೆಳೆಯುವ ಮಗುವಿನ ಮೆದುಳಿಗೆ ಹಾನಿ ಮಾಡುತ್ತದೆ. ಇಷ್ಟಾದರೆ ಪರವಾಗಿಲ್ಲ ಎನ್ನುವ ಪ್ರಮಾಣವೇ ಇಲ್ಲ. ಆದ್ದರಿಂದ ನೀರು ಹಚ್ಚಿ ಉಜ್ಜಲು ಪೇಂಟರಿಗೆ ಹೇಳಿ, ಮೂಗು ಬಾಯಿ ಮುಚ್ಚಿಕೊಳ್ಳಲೂ ಹೇಳಿ. ಬೆಂಕಿ ಹಿಡಿದು ಬಣ್ಣ ಸುಲಿಸಬೇಡಿ. ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಗರ್ಭಿಣಿಯರು, ಮಕ್ಕಳು ಆ ದಿನಗಳಲ್ಲಿ ಆ ಮನೆಯಲ್ಲಿ ಇರುವುದೇ ಬೇಡ. ಹೊಸ ಸೊಸೆಯ ಸೀಮಂತಕ್ಕೆಂದೋ ಬಾಣಂತನಕ್ಕೆಂದೋ ಕೋಣೆ ಕೆರೆಸುವವರು ಇದನ್ನು ಮರೆಯಬಾರದು.

ಇನ್ನು ವಾಸನೆ. ಗೋಡೆಗೆ ನೀರು ಬೆರೆಸುವ ಎಮಲ್ಷನ್ ಸಾಕು, ಟರ್ಪೆಂಟೈನ್ ಬೇಡುವ ಎನಾಮೆಲ್ ಬೇಡ. ಡಬ್ಬಿಯ ಮೇಲೆ ‘ಲೋ ವಿಒಸಿ’ ಎಂದಿದ್ದರೂ ಒಂದು ಮಾತು ಕೇಳಿ: ಗಾಢ ಬಣ್ಣಕ್ಕೆ ಅಂಗಡಿಯ ಯಂತ್ರದಲ್ಲಿ ಬೆರೆಸುವ ಬಣ್ಣದ ದ್ರವ ಹೆಚ್ಚು ಬೇಕು, ಅದರಲ್ಲೂ ಆವಿಯಾಗುವ ರಾಸಾಯನಿಕ ಇರಬಹುದು. ಮುಟ್ಟಿದರೆ ಅಂಟದಷ್ಟು ಒಣಗಲು ಗಂಟೆ ಎರಡು ಗಂಟೆ ಸಾಕಾದರೂ ಆವಿ ದಿನಗಟ್ಟಲೆ ಬರುತ್ತಿರುತ್ತದೆ. ಕಿಟಕಿ ತೆರೆದಿಟ್ಟು ನಾಲ್ಕೈದು ದಿನ ಆ ಕೋಣೆಯಲ್ಲಿ ಮಲಗಬೇಡಿ. ಆಸ್ತಮಾ ಇರುವವರು, ಎಳೆಗೂಸುಗಳು ವಾಸನೆ ಪೂರ್ತಿ ಹೋಗುವವರೆಗೆ ದೂರವಿರಲಿ. ಹಬ್ಬಕ್ಕೆ ಮೂರು ವಾರ ಮೊದಲೇ ಕೆಲಸ ಮುಗಿಸಿ ಎನ್ನುವುದು ಇದಕ್ಕೇ. ಲೋಬಾನ, ಊದ್ ಹೊಗೆ ಹಾಕಿ ವಾಸನೆ ಓಡಿಸುತ್ತೇವೆ ಎನ್ನುವವರಿದ್ದಾರೆ. ಪರಿಮಳ ಆ ವಾಸನೆಯನ್ನು ಮುಚ್ಚುತ್ತದೆಯೇ ಹೊರತು ಆವಿಯನ್ನು ಕಳೆಯುವುದಿಲ್ಲ, ಎದೆಗೆ ಹೊಗೆಯೂ ಸೇರುತ್ತದೆ. ಈರುಳ್ಳಿ ಹೆಚ್ಚಿ ಮೂಲೆಯಲ್ಲಿಡುವುದನ್ನು ನಂಬಿ ಕಿಟಕಿ ಮುಚ್ಚಬೇಡಿ.

ಯಾವ ಗೋಡೆಗೆ? ಕಿಟಕಿಯ ಬೆಳಕು ಬೀಳುವ ಒಂದು ಗೋಡೆಗೆ ಗಾಢ ಮಾವ್, ಉಳಿದ ಮೂರಕ್ಕೂ ಚಾವಣಿಗೂ ಕೆನೆ ಬಿಳಿ. ನನ್ನ ಸಲಹೆ ಇಷ್ಟೇ. ರಸ್ತೆಗೆ ತಾಗಿದ ಮನೆಗಳಲ್ಲಿ ಮರೆಗಾಗಿ ಹಗಲೆಲ್ಲ ಪರದೆ ಎಳೆದಿರುತ್ತದೆ. ಅಂಥಲ್ಲಿ ನಾಲ್ಕೂ ಗೋಡೆ ಗಾಢವಾದರೆ ಇದ್ದ ಬೆಳಕನ್ನೂ ಅವೇ ನುಂಗುತ್ತವೆ. ಮಕ್ಕಳು ಓದುವ ಜಾಗ, ಅಡುಗೆಮನೆ, ಮೆಟ್ಟಿಲು, ಬಚ್ಚಲಿಗೆ ಹೋಗುವ ಓಣಿ, ಇಲ್ಲೆಲ್ಲ ಬೇಡವೇ ಬೇಡ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗಿ ಮಸೂರ ಹಳದಿಯಾಗುತ್ತದೆ, ಒಳಗೆ ಹೋಗುವ ಬೆಳಕು ಕಡಿಮೆ. ಫಜರ್‌ಗೆ ಮೊದಲು ವುಝೂಗೆಂದು ಏಳುವ ಅಜ್ಜಿ ಕತ್ತಲ ಓಣಿಯಲ್ಲಿ ಎಡವಿ ಸೊಂಟದ ಮೂಳೆ ಮುರಿದುಕೊಂಡರೆ ಮತ್ತೆ ಎದ್ದು ನಡೆಯುವುದು ಕಷ್ಟ. ಒಂದು ಅನುಕೂಲವನ್ನೂ ಹೇಳಬೇಕು: ಗಾಢ ಗೋಡೆಯ ಮೇಲಿನ ಬಿಳಿ ಸ್ವಿಚ್‌ಬೋರ್ಡ್ ಮಬ್ಬುಗಣ್ಣಿಗೂ ಚೆನ್ನಾಗಿ ಕಾಣುತ್ತದೆ.

ಸೊಳ್ಳೆಯ ವಿಚಾರವೂ ಇದೆ. ಡೆಂಗಿ ಹರಡುವ ಸೊಳ್ಳೆ ಮನೆಯೊಳಗೆ ನೆರಳಿನ, ಕಪ್ಪು ಜಾಗ ಹುಡುಕಿ ಕೂರುತ್ತದೆ; ಗಾಢ ಗೋಡೆಯ ಮೇಲೆ ಕೂತರೆ ಕಣ್ಣಿಗೇ ಬೀಳುವುದಿಲ್ಲ. ಮಂಚದ ಹಿಂದೆ, ಪರದೆಯ ಸಂದಿಯಲ್ಲಿ ಆಗಾಗ ಕೊಡವಿ.

ಡಬ್ಬಿ ಕೊಳ್ಳುವ ಮೊದಲು ಎರಡು ಅಡಿ ರಟ್ಟಿಗೆ ಎರಡು ಕೋಟು ಬಳಿದು ಅದೇ ಗೋಡೆಗೆ ಒರಗಿಸಿಡಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ದೀಪ ಹಚ್ಚಿದ ಮೇಲೆ ನೋಡಿ. ಹಳದಿ ಬಲ್ಬಿನಡಿ ಮಾವ್ ಕಂದಿ ಕಂದಾಗುತ್ತದೆ, ಬಿಳಿ ಎಲ್‌ಇಡಿಯಡಿ ನೀಲಿಗೆ ತಿರುಗುತ್ತದೆ. ಎರಡು ದಿನವಾದ ಮೇಲೂ ಮನೆಯ ಹಿರಿಯರಿಗೆ, ಮಕ್ಕಳಿಗೆ ಅದು ಹಿಡಿಸಿದರೆ ಪೇಂಟರನ್ನು ಕರೆಯಿರಿ.